ಹೊಲದ ಹಾದಿಯ ಓಟವೂ ಎಳೆಗೂಸಿನ ಮನೆಯೂ

ನಸುಕಿನ ಐದು ಗಂಟೆಗೆ ಉಮರ್ಗಾ, ನಿಲಂಗಾ, ಉದಗೀರ ಈ ಮೂರರಲ್ಲಿ ಯಾವ ಊರಿನ ಹೊರದಾರಿಗೆ ಹೋಗಿ ನಿಂತರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಹದಿನೆಂಟರಿಂದ ಇಪ್ಪತ್ತೈದರ ಒಳಗಿನ ತರುಣರು ಐದಾರು ಜನರ ಗುಂಪು ಕಟ್ಟಿಕೊಂಡು ಓಡುತ್ತಿರುತ್ತಾರೆ. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ಈಚಿನ ವರ್ಷಗಳಲ್ಲಿ ಹುಡುಗಿಯರೂ ಇವರಲ್ಲಿ ಸೇರಿಕೊಂಡಿರುವುದು ಸಂತೋಷದ ಸಂಗತಿ. ಇವರೆಲ್ಲ ಪೊಲೀಸ್ ಭರ್ತಿಗೋ ಸೈನ್ಯದ ಭರ್ತಿಗೋ ಸಿದ್ಧರಾಗುತ್ತಿರುವವರು. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಪರೀಕ್ಷೆಯಲ್ಲಿ ಗಂಡಸರು 1600 ಮೀಟರ್, ಹೆಂಗಸರು 800 ಮೀಟರ್ ಓಡಿ ತೋರಿಸಬೇಕು. ನೌಕರಿ ದೊರೆಯಿತೆಂದರೆ ಓಟ ನಿಂತಿತು; ವಯಸ್ಸು ಮೀರಿತೆಂದರೂ ನಿಂತಿತು; ಹೆಣ್ಣುಮಗಳಿಗೆ ಲಗ್ನವಾಯಿತೆಂದರಂತೂ ಆ ಮಾತೇ ಮುಗಿಯಿತು. ಹೀಗೆ ನಮ್ಮ ಸೀಮೆಯಲ್ಲಿ ಓಟವೆಂದರೆ ಭರ್ತಿ ಎಂದೇ ಅರ್ಥವಾಗಿಬಿಟ್ಟಿದೆ.

ಆದ್ದರಿಂದಲೇ ಕಳೆದ ವರ್ಷದ ಆಷಾಢದಲ್ಲಿ ನಮ್ಮ ಸೊಸೆ ಬೂಟು ಹಾಕಿಕೊಂಡು ಹೊಲದ ಕಡೆ ಹೊರಟಾಗ, ಅಗಸೆಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: “ಏನ್ರಿ ಗುರುಗಳೇ, ನಿಮ್ಮ ಸೊಸಿ ಪೊಲೀಸ್ ಭರ್ತಿಗಿ ನಿಂತಾಳೇನು?”

“ಇಲ್ರೀ ಕಾಕಾ, ಬಾಣಂತನದಾಗ ಬರಿದಾದ ಮೈ ಭರ್ತಿ ಮಾಡ್ಕೋಬೇಕಂತಾಳ” ಎಂದೆ. ಅವರು ನಕ್ಕರು. ನಾನೂ ನಕ್ಕೆ. ಆದರೆ ಅಂದು ನಾನು ಆಡಿದ ಮಾತು ಎಷ್ಟು ನಿಜವಾಗಿತ್ತೆಂಬುದು ನನಗೇ ತಿಳಿದಿರಲಿಲ್ಲ. ಆ ಒಂದು ವರ್ಷದಲ್ಲಿ ನಮ್ಮ ಮನೆ ಕಲಿತದ್ದನ್ನು, ಎಳೆಗೂಸುಗಳಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂಬ ಆಶೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯದೊಂದು ದಾಖಲೆ

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಹುಡುಗಿಯೊಬ್ಬಳು ತಾಲೂಕು ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬರಿಗಾಲಲ್ಲೇ ಓಡಿ ಮೊದಲನೆಯವಳಾಗಿ ಬಂದಳು. ಮರು ವರ್ಷ ಅವಳ ತಂದೆ ಶಾಲೆಗೆ ಬಂದು ದಾಖಲೆ ಬೇಡಿದರು; ಪಕ್ಕದ ಊರಿಗೆ ಲಗ್ನ ನಿಶ್ಚಯವಾಗಿತ್ತು. ಹುಡುಗಿಗೆ ಹದಿನಾರು ತುಂಬಿತ್ತಷ್ಟೆ. ಶಿಕ್ಷಕ ತರಬೇತಿಯಲ್ಲಿ ಬಾಲಮನೋವಿಜ್ಞಾನ ಓದಿದ್ದೆ. ಹದಿನೆಂಟರ ಕಾನೂನೂ ನನಗೆ ಗೊತ್ತಿತ್ತು. ಆದರೂ ಊರವರ ದಾಕ್ಷಿಣ್ಯಕ್ಕೆ ಬಾಯಿ ತೆರೆಯಲಿಲ್ಲ. ದುಂಡಗಿನ ಅಕ್ಷರದಲ್ಲಿ ದಾಖಲೆ ಬರೆದು ಕೈಗೆ ಕೊಟ್ಟೆ. ಆ ಕಾಗದದ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮ ಸೊಸೆ ಉದಗೀರದ ಮಗಳು. ಶಾಲೆ, ಕಾಲೇಜುಗಳಲ್ಲಿ ಓಡಿದವಳು. ಈಗ ನಿಲಂಗೆಯ ಬ್ಯಾಂಕೊಂದರಲ್ಲಿ ಗುಮಾಸ್ತೆ. ಉಮರ್ಗಾ ತಾಲೂಕಿನ ಅಂಚಿನಲ್ಲಿರುವ ನಮ್ಮ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಚೈತ್ರದಲ್ಲಿ ತವರಿನಲ್ಲಿ ಹೆರಿಗೆಯಾಯಿತು. ಎರಡೂವರೆ ತಿಂಗಳು ತುಂಬಿ ಕೂಸನ್ನೆತ್ತಿಕೊಂಡು ನಮ್ಮ ಮನೆಗೆ ಬಂದ ವಾರದಲ್ಲೇ, “ಮಾಮಾ, ನಸುಕಿನಾಗ ಸ್ವಲ್ಪ ಓಡಿ ಬರಲೇನ್ರಿ?” ಎಂದು ಕೇಳಿದಳು. ಹಳೆಯ ತಪ್ಪನ್ನು ತಿದ್ದಿಕೊಳ್ಳುವ ಅವಸರ ನನಗೆ. “ಹೋಗವ್ವ, ಅವಶ್ಯ ಹೋಗು” ಎಂದುಬಿಟ್ಟೆ. ಮಗ ಉಮರ್ಗಾದಿಂದ ಹೊಸ ಬೂಟು ತಂದುಕೊಟ್ಟ. ಹೆಂಡತಿ ಮಾತ್ರ ಒಪ್ಪಲಿಲ್ಲ. “ಬಾಣಂತಿ ಮೈ ಇನ್ನಾ ಹಸಿ ಅದ. ಈಗ ಓಡಿದರ ಮುಪ್ಪಿನಾಗ ಸೊಂಟ ಲೆಕ್ಕ ಕೇಳ್ತದ” ಎಂದಳು. ನಾನು ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಿದೆ.

ಹಸಿ ಮೈಯ ಲೆಕ್ಕ

ಮೂರನೆಯ ದಿನವೇ ಲೆಕ್ಕ ಬಂದಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ಸೊಸೆ ಎರೆ ಹೊಲದ ಬದುವಿನ ಗುಂಟ ಓಡಿದಳು. ಹೊಸ ಬೂಟಿನ ನುಣುಪು ಅಟ್ಟೆಗೆ ಎರೆಮಣ್ಣು ಮೆತ್ತಿ, ಕಾಲೊಂದು ಜಾರಿ ಹರಡು ಉಳುಕಿತು. ಅಷ್ಟರಲ್ಲೇ ಕಣ್ಣಿಗೆ ಕತ್ತಲೆ ಬಂದು ಬದುವಿನ ಮೇಲೆ ಕುಳಿತುಬಿಟ್ಟಳು. ಪಕ್ಕದ ಹೊಲದವರು ನೋಡಿ ಕರೆತಂದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಒಂಬತ್ತು ಗ್ರಾಮ್. ವಯಸ್ಕ ಸ್ತ್ರೀಯರಿಗೆ ಅದು ಹನ್ನೆರಡಕ್ಕಿಂತ ಕಡಿಮೆ ಇರಬಾರದು.

ಇದು ನಮ್ಮೊಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಾದರೆ ಮೈಯ ಅಂಗಾಂಗಗಳಿಗೆ ಪ್ರಾಣವಾಯು ಸಾಲದಾಗುತ್ತದೆ. ಕುಳಿತಲ್ಲಿ ಅದು ಗೊತ್ತಾಗದು. ಮನೆಗೆಲಸದಲ್ಲಿ ‘ದಣಿವು’ ಎಂದು ಮರೆಯಾಗುತ್ತದೆ. ಓಡಿದಾಗ ಮಾತ್ರ ಬಚ್ಚಿಡಲಾಗದೆ ಹೊರಬೀಳುತ್ತದೆ.

ವೈದ್ಯರು ಕೇಳಿದ ಒಂದು ಪ್ರಶ್ನೆಗೆ ನಾವೆಲ್ಲ ತಲೆ ತಗ್ಗಿಸಿದೆವು. “ಈಕೆ ಮನೆಯಲ್ಲಿ ಯಾವಾಗ ಊಟ ಮಾಡುತ್ತಾಳೆ?” ಎಲ್ಲರದೂ ಆದ ಮೇಲೆ ಎಂಬುದೇ ಉತ್ತರ. ಅಷ್ಟು ಹೊತ್ತಿಗೆ ಕೂಸು ಅಳುತ್ತಿತ್ತು. ಅವಳು ಅರ್ಧ ರೊಟ್ಟಿಗೆ ಏಳುತ್ತಿದ್ದಳು. ಮೂವರು ಓದಿದವರಿರುವ ಮನೆಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕೆಂಬುದು ಸರಕಾರದ ನಿಯಮ. ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆಯಾಗಿ ದೊರೆಯುತ್ತದೆ. ನಮ್ಮ ಮನೆಯಲ್ಲಿ ಆ ಮಾತ್ರೆ ಕಪಾಟಿನಲ್ಲಿ ಉಳಿದಿತ್ತು. ವೈದ್ಯರು ಅದನ್ನು ತಪ್ಪದೆ ಕೊಡಿಸಿದರು. ಮಾತ್ರೆಯ ಮುಂದೆ ಹಿಂದೆ ಒಂದು ತಾಸು ಚಹ ಕುಡಿಯಬಾರದು, ನಿಂಬೆಯ ರಸವಾದರೆ ಒಳ್ಳೆಯದು ಎಂದರು. ಮನೆಯೂಟದಲ್ಲಿ ಸಜ್ಜೆಯ ರೊಟ್ಟಿ, ನುಗ್ಗೆಯ ಸೊಪ್ಪು, ರಾಜಗಿರಿ, ಎಳ್ಳು, ಅಳವಿಯ ಉಂಡೆ ಹೆಚ್ಚಾದವು. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ನನ್ನ ಹೆಂಡತಿ ಸೊಸೆಯನ್ನು ಮೊದಲ ಪಂಕ್ತಿಗೆ ಕೂಡಿಸತೊಡಗಿದಳು. ಕೂಸು ಅತ್ತರೆ ಎತ್ತಿಕೊಳ್ಳುವ ಕೆಲಸ ನನಗೆ ಬಂದಿತು.

ಹಿರಿಯರ ‘ಹಸಿ ಮೈ’ ಎಂಬ ಮಾತಿನಲ್ಲೂ ಸತ್ಯವಿತ್ತು. 2019ರಲ್ಲಿ ಬ್ರಿಟನ್ನಿನ ಮೂವರು ಫಿಜಿಯೋಥೆರಪಿ ತಜ್ಞರು ಬಾಣಂತಿಯರ ಓಟದ ವಿಷಯವಾಗಿ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿದರು. ಹೆರಿಗೆಯಾಗಿ ಮೂರು ತಿಂಗಳು ತುಂಬುವ ಮೊದಲು ಓಡುವುದು ತರವಲ್ಲ, ಮೂರರಿಂದ ಆರು ತಿಂಗಳ ನಡುವೆ ಮೈ ನೋಡಿಕೊಂಡು ಆರಂಭಿಸಬೇಕು ಎಂಬುದು ಅದರ ಸಾರ. ಒಂಬತ್ತು ತಿಂಗಳು ಭಾರ ಹೊತ್ತ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾಗಿರುತ್ತವೆ. ಓಟದ ಒಂದೊಂದು ಹೆಜ್ಜೆಗೂ ಅವುಗಳ ಮೇಲೆ ಪೆಟ್ಟು ಬೀಳುತ್ತದೆ. ಹೊಟ್ಟೆ ಕೊಯ್ದು ಹೆರಿಗೆಯಾದವರಂತೂ ವೈದ್ಯರ ಒಪ್ಪಿಗೆಯಿಲ್ಲದೆ ಹೆಜ್ಜೆ ಕಿತ್ತಿಡಬಾರದು. ಹೀಗೆ ನನ್ನ ಹೆಂಡತಿಯ ಅಭಿಪ್ರಾಯವನ್ನೇ ವಿದೇಶದ ಪಂಡಿತರೂ ಹೇಳಿದ್ದಾರೆಂದು ತಿಳಿದಾಗ ನಾನು ಅವಳ ಮುಂದೆ ಸೋಲೊಪ್ಪಿಕೊಂಡೆ.

ತಿಳಿದದ್ದರಿಂದ ತಿಳಿಯದ್ದಕ್ಕೆ

ನಮ್ಮ ತರಬೇತಿ ಕಾಲೇಜಿನಲ್ಲಿ ಬೋಧನೆಯ ಎರಡು ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು: ಸುಲಭದಿಂದ ಕಠಿಣಕ್ಕೆ, ತಿಳಿದದ್ದರಿಂದ ತಿಳಿಯದ್ದಕ್ಕೆ. ಓಟಕ್ಕೂ ಇವೇ ಸೂತ್ರಗಳು ಸಾಕು. ದಸರೆಯ ಹೊತ್ತಿಗೆ ಸೊಸೆಯ ರಕ್ತ ಹನ್ನೊಂದೂವರೆಗೆ ಏರಿತ್ತು. ವೈದ್ಯರು ನಿಧಾನವಾಗಿ ಆರಂಭಿಸಲು ಒಪ್ಪಿದರು. ಆ ಮಾರ್ಗದರ್ಶಿಯಲ್ಲಿ ಹೇಳಿದಂತೆ ಮೊದಲು ಒಂದು ಪ್ರವೇಶ ಪರೀಕ್ಷೆ ನಡೆಯಿತು. ಮೂವತ್ತು ನಿಮಿಷ ನಡೆಯುವುದು. ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು. ನಿಂತಲ್ಲೇ ಒಂದು ನಿಮಿಷ ಓಡುವುದು. ಒಂದೊಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸುವುದು. ಇವುಗಳಲ್ಲಿ ಎಲ್ಲಿಯಾದರೂ ನೋವು, ಕೆಳಹೊಟ್ಟೆಯಲ್ಲಿ ಭಾರ, ಮೂತ್ರ ತಡೆಯಲಾಗದಿರುವುದು, ರಕ್ತಸ್ರಾವ ಕಂಡರೆ ಓಟ ಬೇಡ, ವೈದ್ಯರಲ್ಲಿಗೆ ಹೋಗಬೇಕು. ಇದನ್ನು ಹೇಳಿಕೊಳ್ಳಲು ತಾಯಂದಿರು ಸಂಕೋಚಪಡಬಾರದು.

ನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಓಡುವಾಗ ಪಕ್ಕದವರೊಡನೆ ಪೂರ್ಣ ವಾಕ್ಯ ಮಾತನಾಡಲು ಬರಬೇಕು. ಬರದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ಬಾಣಂತನ ಮುಗಿಸಿದ ತಾಯಂದಿರಿಗೂ ವಾರಕ್ಕೆ ಒಟ್ಟು 150 ನಿಮಿಷಗಳ ಮಧ್ಯಮ ವ್ಯಾಯಾಮ ಹಿತಕರ. ನಡಿಗೆಯೂ ಅದರಲ್ಲಿ ಸೇರುತ್ತದೆ.

“ಓಡಿದರೆ ಎದೆಹಾಲು ಹುಳಿಯಾಗುತ್ತದೆ, ಬತ್ತುತ್ತದೆ” ಎಂಬ ಮಾತು ನಮ್ಮ ಓಣಿಯಲ್ಲೂ ಹಬ್ಬಿತು. ಹದವಾದ ಓಟದಿಂದ ಹಾಲಿನ ಪ್ರಮಾಣವೂ ಗುಣವೂ ಕೆಡುವುದಿಲ್ಲವೆಂದು ಪರೀಕ್ಷಿಸಿ ನೋಡಿದವರು ಹೇಳುತ್ತಾರೆ. ಆದರೂ ಹೊರಡುವ ಮುಂಚೆ ಕೂಸಿಗೆ ಹಾಲೂಡಿಸಿ ಹೋದರೆ ತಾಯಿಗೂ ಎದೆ ಹಗುರ, ಕೂಸಿಗೂ ನೆಮ್ಮದಿ. ಹಿಂತಿರುಗಿದೊಡನೆ ಒಂದು ತಂಬಿಗೆ ನೀರು ಕುಡಿಯಬೇಕು.

ಎರೆ ನೆಲಕ್ಕೆ ತಕ್ಕ ಸಾಮಾನು

ಡಾಂಬರು ಬಿಟ್ಟು ಗುಡ್ಡ, ಕಾಡು, ಹೊಲಗಳ ಕಾಲುದಾರಿಯಲ್ಲಿ ಓಡುವುದಕ್ಕೆ ಇಂದು ಜಗತ್ತಿನಲ್ಲೆಲ್ಲ ‘ಟ್ರೇಲ್ ರನ್ನಿಂಗ್’ ಎಂಬ ಹೆಸರಿದೆ. ನಮ್ಮಲ್ಲಿ ಅದಕ್ಕೆ ‘ಹೊಲದ ಹಾದಿಯ ಓಟ’ ಎಂದರೆ ಸಾಕು. ಉಮರ್ಗಾದ ಮೂಲಕ ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹಗಲಿರುಳೂ ಇರುತ್ತದೆ. ಕಬ್ಬಿನ ಸುಗ್ಗಿಯಲ್ಲಿ ಒಳರಸ್ತೆಗಳಲ್ಲೂ ಟ್ರಾಲಿಗಳ ಸಾಲು. ಮರಾಠಿಯಲ್ಲಿ ‘ಪಾಣಂದ’ ಎನ್ನುವ ಬಂಡಿದಾರಿಗಳಾದರೋ ನಿರ್ಭಯ. ನೆಲ ಮೆತ್ತಗಿರುತ್ತದೆ. ಮನೆಗೂ ಸಮೀಪ, ಕೂಸು ಅತ್ತರೆ ಒಂದು ಕೂಗಿಗೆ ಬರಬಹುದು. ಹೊಸ ತಾಯಿಗೆ ಇದಕ್ಕಿಂತ ತಕ್ಕ ಓಟ ಬೇರೆ ಇಲ್ಲ.

ಬೆಟ್ಟದ ಓಟಗಳಲ್ಲಿ ಪ್ರಖ್ಯಾತವಾದ ಫ್ರಾನ್ಸಿನ ಮಾಂಟ್ ಬ್ಲಾಂಕ್ ಓಟಕ್ಕೆ ಹೋಗುವವರು ನೀರು, ತಲೆದೀಪ, ಸೀಟಿ, ಮಳೆಯಂಗಿ ಮುಂತಾದವನ್ನು ಕಡ್ಡಾಯವಾಗಿ ಒಯ್ಯಬೇಕು. ಆ ಪಟ್ಟಿಯ ಹಿಂದೆ ‘ಇಲ್ಲಿ ಏನು ಕೆಡಬಹುದು’ ಎಂಬ ಪ್ರಶ್ನೆಯಿದೆ. ನಾವೂ ಅದೇ ಪ್ರಶ್ನೆಯನ್ನು ನಮ್ಮ ನೆಲಕ್ಕೆ ಹಾಕಿಕೊಂಡರೆ ಯಾವ ಸಾಮಾನು ಬೇಕು, ಯಾವುದು ಬರಿ ಖರ್ಚು ಎಂಬುದು ತಾನೇ ತಿಳಿಯುತ್ತದೆ.

ಮಳೆಗಾಲದಲ್ಲಿ ನಮ್ಮ ಶತ್ರು ಎರೆಮಣ್ಣು. ನೀರು ಬಿದ್ದೊಡನೆ ಉಬ್ಬಿ ಅಂಟಾಗುವುದು ಅದರ ಗುಣ. ಹತ್ತು ಹೆಜ್ಜೆಗೆ ಬೂಟಿನಡಿ ಮುದ್ದೆ ಕಟ್ಟುತ್ತದೆ. ಡಾಂಬರಿಗಾಗಿ ಮಾಡಿದ ನುಣುಪು ಅಟ್ಟೆ ಇಲ್ಲಿ ಕೆಲಸಕ್ಕೆ ಬಾರದು. ಟ್ರ್ಯಾಕ್ಟರಿನ ದೊಡ್ಡ ಗಾಲಿಯಂತೆ ನಾಲ್ಕೈದು ಮಿಲಿಮೀಟರಿನಷ್ಟು ಎದ್ದ, ಬಿಡಿಬಿಡಿಯಾದ ಹಲ್ಲುಗಳಿರುವ ಅಟ್ಟೆ ಮಣ್ಣನ್ನು ಹಿಡಿಯುತ್ತದೆ, ಕೊಡವಿಯೂ ಹಾಕುತ್ತದೆ. ಆದರೆ ಒಳ್ಳೆಯ ಮಳೆಯಾದ ಮರುದಿನ ಎಂಥ ಬೂಟೂ ಎರೆಯನ್ನು ಗೆಲ್ಲಲಾರದು. ಅಂದು ಗರಸಿನ ದಾರಿ ಹಿಡಿಯಬೇಕು. ಉದಗೀರದ ಕಡೆಯವರಿಗೆ ಈ ಚಿಂತೆ ಕಡಿಮೆ. ಅಲ್ಲಿಂದ ಬೀದರದವರೆಗೂ ಅಲ್ಲಲ್ಲಿ ಹಬ್ಬಿರುವ ಜಂಬಿಟ್ಟಿಗೆಯ ಕೆಂಪು ನೆಲ ನೀರನ್ನು ಬೇಗ ಬಸಿಯುತ್ತದೆ. ನೆನೆದ ಬೂಟಿನೊಳಗೆ ಹಳೆಯ ವೃತ್ತಪತ್ರಿಕೆ ತುರುಕಿ ನೆರಳಲ್ಲಿಟ್ಟರೆ ಮರುದಿನಕ್ಕೆ ಒಣಗುತ್ತದೆ. ಒಲೆಯ ಬಳಿ ಇಟ್ಟರೆ ಅಂಟು ಬಿಡುತ್ತದೆ.

ಸೀಗೆ ಹುಣ್ಣಿಮೆಯಿಂದ ಶಿವರಾತ್ರಿಯವರೆಗೆ ಓಟಕ್ಕೆ ಸುಗ್ಗಿಯ ಕಾಲ. ನಸುಕಿನ ತಂಪು, ಎರಡೂ ಕಡೆ ಹಿಂಗಾರಿನ ಜೋಳ. ಆದರೆ ತೊಗರಿ ಕೊಯ್ದ ಹೊಲದಲ್ಲಿ ಕೂಳೆಗಳು ಮೊಳೆಯಂತೆ ನಿಂತಿರುತ್ತವೆ. ಜಾಲಿಯ ಮುಳ್ಳು ತೆಳುವಾದ ಅಟ್ಟೆಯನ್ನು ದಾಟಿ ಪಾದಕ್ಕೆ ಬರುತ್ತದೆ. ಹೊಲದ ನಡುವೆ ಹೋಗದೆ ದಾರಿಯಲ್ಲೇ ಓಡಬೇಕು. ಕತ್ತಲೆಯಿದ್ದರೆ ಹಣೆಗೆ ಕಟ್ಟುವ ದೀಪ ಅವಶ್ಯ. ಕೈಬ್ಯಾಟರಿಗಿಂತ ಇದು ಮೇಲು, ಎರಡೂ ಕೈ ಬರಿದಿರುತ್ತವೆ. ದಾರಿಗೆ ಅಡ್ಡ ಮಲಗಿದ ಕೊಳಕುಮಂಡಲವನ್ನು ಮೊದಲು ಕಾಣುವುದೂ ಈ ದೀಪವೇ. ನಾಯಿಗಳಿರುವ ಕಡೆ ಓಟ ನಿಲ್ಲಿಸಿ ನಡೆಯುವುದೇ ಜಾಣತನ. ಕೊರಳಲ್ಲೊಂದು ಸೀಟಿ ಇರಲಿ. ರಸ್ತೆ ದಾಟಬೇಕಾದವರು ಬೆನ್ನಿಗೆ ಹೊಳೆಯುವ ಪಟ್ಟಿ ಹೊಲಿಸಿಕೊಳ್ಳಲಿ.

ಬೇಸಿಗೆಯಲ್ಲಿ ಅದೇ ಎರೆ ಒಣಗಿ ಅಂಗೈ ಅಗಲ ಬಿರಿಯುತ್ತದೆ. ಹರಡು ಮುರಿಯುವುದು ಆಗಲೇ. ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಸೂರ್ಯ ಹುಟ್ಟಿದ ಅರ್ಧ ತಾಸಿಗೆ ಓಟ ಮುಗಿದಿರಬೇಕು. ಹಾಲೂಡಿಸುವ ತಾಯಿಗೆ ನೀರಿನ ಕೊರತೆ ಬೇಗ ಆಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿದರೆ ಒಳ್ಳೆಯ ಪಾನೀಯವಾಯಿತು.

ಬೂಟು ಕೊಳ್ಳುವಾಗ ಎರಡು ಮಾತು ನೆನಪಿರಲಿ. ಬಸಿರಿನಲ್ಲಿ ಪಾದ ಸ್ವಲ್ಪ ಅಗಲವಾಗಿ, ಉದ್ದವಾಗಿ ಹಾಗೆಯೇ ಉಳಿಯುವುದುಂಟು. ಆದ್ದರಿಂದ ಹಳೆಯ ಅಳತೆಯನ್ನು ನಂಬದೆ ಹೊಸದಾಗಿ ಅಳೆಯಿಸಬೇಕು. ಸಂಜೆ ಪಾದ ಉಬ್ಬಿರುವಾಗ ಹೋಗಿ, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗವಿರುವಂಥದನ್ನು ಆರಿಸಬೇಕು. ಮಗ ಹೆಂಡತಿಯನ್ನು ಕರೆದೊಯ್ಯದೆ ಹಳೆಯ ಅಳತೆಗೆ ತಂದದ್ದು ನಮ್ಮ ಮನೆಯ ಎರಡನೆಯ ತಪ್ಪಾಗಿತ್ತು. ಅರಳೆಯ ಕಾಲುಚೀಲ ಬೆವರು ಹಿಡಿದು ಗುಳ್ಳೆ ಎಬ್ಬಿಸುತ್ತದೆ. ಬೇಗ ಒಣಗುವ ನೂಲಿನದು ಒಳ್ಳೆಯದು. ಹಾಲೂಡಿಸುವ ತಾಯಿಗೆ ಎದೆಯನ್ನು ಭದ್ರವಾಗಿ ಹಿಡಿಯುವ ಒಳಉಡುಪು ಬೂಟಿನಷ್ಟೇ ಮುಖ್ಯ. ದೀಪ, ಬೂಟು, ಒಳಉಡುಪು ಈ ಮೂರಕ್ಕೆ ಹಣ ಹಾಕಿದರೆ ಸಾಕು. ಉಳಿದದ್ದು ಮನೆಯಲ್ಲೇ ಇರುತ್ತದೆ.

ಕೂಸನ್ನು ಬೆನ್ನಿಗೆ ಅಥವಾ ಎದೆಗೆ ಕಟ್ಟಿಕೊಂಡು ಓಡುವುದು ಸರ್ವಥಾ ಕೂಡದು. ಅದರ ಕೊರಳು ಆ ಕುಲುಕಾಟವನ್ನು ತಾಳದು. ನಗರಗಳಲ್ಲಿ ಕೂಸನ್ನು ಕೂಡಿಸಿ ತಳ್ಳುತ್ತ ಓಡುವ ಮೂರು ಗಾಲಿಯ ಗಾಡಿಗಳಿವೆ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಅದೂ ಸಲ್ಲದು. ನಮ್ಮ ಬಂಡಿದಾರಿಯ ತಗ್ಗುದಿಣ್ಣೆಗಳಿಗಂತೂ ಎಂದಿಗೂ ಸಲ್ಲದು.

ಸೀರೆಯಲ್ಲೂ ಓಡಿದ್ದಾರೆ

“ಉಡುಪೇನು?” ಎಂಬುದು ನಮ್ಮ ಮನೆಗಳಲ್ಲಿ ಏಳುವ ದೊಡ್ಡ ಪ್ರಶ್ನೆ. ನಮ್ಮ ಸೊಸೆ ಸಲವಾರಿನ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಓಡುತ್ತಾಳೆ. ಇದೇ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೃಷಿಕೂಲಿಯಾಗಿದ್ದ ಲತಾ ಕರೆ ಎಂಬ ಅರವತ್ತು ದಾಟಿದ ಮಹಿಳೆ, ಗಂಡನ ಔಷಧೋಪಚಾರಕ್ಕೆ ಹಣ ಬೇಕಾಗಿ, 2013ರಲ್ಲಿ ಒಂಬತ್ತು ಗಜದ ಸೀರೆಯುಟ್ಟು ಬರಿಗಾಲಲ್ಲಿ ಓಡಿ ಹಿರಿಯರ ಸ್ಪರ್ಧೆಯಲ್ಲಿ ಗೆದ್ದರು. ಮೆಕ್ಸಿಕೋ ದೇಶದ ಗುಡ್ಡಗಾಡಿನ ರಾರಾಮುರಿ ಜನಾಂಗದ ಲೊರೆನಾ ರಮಿರೆಜ್ 2017ರಲ್ಲಿ ಐವತ್ತು ಕಿಲೋಮೀಟರಿನ ಬೆಟ್ಟದ ಓಟವನ್ನು ಲಂಗ ತೊಟ್ಟು, ರಬ್ಬರಿನ ಚಪ್ಪಲಿ ಮೆಟ್ಟಿಯೇ ಗೆದ್ದಳು. ನಮ್ಮ ಸಂತೆಯಲ್ಲಿ ಸಿಗುವ ಟಾಯರಿನ ಚಪ್ಪಲಿಗಳ ನೆನಪು ನನಗೆ ಆಗ ಬಂದಿತು. ಸಣ್ಣಂದಿನಿಂದ ಅಭ್ಯಾಸವಾದ ಕಾಲಿಗೆ ಅದೂ ನಡೆದೀತು. ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಮೆತ್ತಗಾದ ಕಾಲಿಗೆ ಬೂಟೇ ಬೇಕು.

ತಾಯ್ತನ ಹಾಗೂ ಓಟಗಳ ವಿಷಯದಲ್ಲಿ ಇಬ್ಬರ ಹೆಸರನ್ನು ಹೇಳದೆ ಇರಲಾಗದು. 2018ರಲ್ಲಿ ಸೋಫಿ ಪವರ್ ಎಂಬ ಬ್ರಿಟಿಷ್ ಮಹಿಳೆ ಮೇಲೆ ಹೇಳಿದ ಮಾಂಟ್ ಬ್ಲಾಂಕಿನ ಸುಮಾರು 170 ಕಿಲೋಮೀಟರಿನ ಓಟದ ನಡುವೆ ಮೂರು ತಿಂಗಳ ಕೂಸಿಗೆ ಹಾಲೂಡಿಸುತ್ತ ಕುಳಿತಿದ್ದ ಚಿತ್ರ ಜಗತ್ತೆಲ್ಲ ಹರಡಿತು. ಬಸಿರಿನ ಕಾರಣಕ್ಕೆ ತನ್ನ ಸ್ಥಾನವನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸಲು ಆಗ ಅಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಆಕೆ ಹಾಗೆ ಬರಬೇಕಾಯಿತು. ಅವರಂತೆ ಮೂರು ತಿಂಗಳಿಗೆ ಓಡಿರೆಂದು ನಾನು ಹೇಳಲಾರೆ. ತಾಯಂದಿರನ್ನು ಗಮನಿಸಿ ನಿಯಮಗಳನ್ನು ಮಾಡಿರಲಿಲ್ಲವೆಂಬುದು ಆ ಚಿತ್ರದ ಪಾಠ. 2019ರ ಜನವರಿಯಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ 268 ಮೈಲು ದೂರದ ಚಳಿಗಾಲದ ಓಟವನ್ನು 83 ತಾಸು 12 ನಿಮಿಷಗಳಲ್ಲಿ ಮುಗಿಸಿ ಗಂಡಸರನ್ನೂ ಹಿಂದೆ ಹಾಕಿ ಮೊದಲಿಗಳಾದಳು. ಮನೆಯಲ್ಲಿ ಹದಿನಾಲ್ಕು ತಿಂಗಳ ಮಗಳಿದ್ದಳು. ದಾರಿಯ ತಂಗುದಾಣಗಳಲ್ಲಿ ಆಕೆ ಎದೆಹಾಲು ಹಿಂಡಿ ತೆಗೆಯುತ್ತ ಮುಂದುವರಿದಳು.

ದೂರದ ಮಾತೇಕೆ? ನಮ್ಮ ಮರಾಠವಾಡಾದವನೇ ಆದ ಬೀಡ ಜಿಲ್ಲೆಯ ಅವಿನಾಶ ಸಾಬಳೆ ಚಿಕ್ಕಂದಿನಲ್ಲಿ ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದೋ ಓಡಿಯೋ ಹೋಗುತ್ತಿದ್ದ ಬಡ ರೈತನ ಮಗ. ಅಡೆತಡೆಗಳನ್ನೂ ನೀರಿನ ಹೊಂಡವನ್ನೂ ಹಾರುತ್ತ ಓಡುವ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಆತ 2023ರ ಏಶಿಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ. ಅದೇ ಸ್ಪರ್ಧೆಯಲ್ಲಿ ಸಾತಾರಾ ಜಿಲ್ಲೆಯ ಬರನಾಡಿನ ಲಲಿತಾ ಬಾಬರ್ 2016ರ ರಿಯೋ ಒಲಿಂಪಿಕ್ಸ್‌ನ ಅಂತಿಮ ಓಟಕ್ಕೆ ಏರಿ ಹತ್ತನೆಯ ಸ್ಥಾನ ಪಡೆದಳು. ಬದು ಹಾರಿ ಹಳ್ಳ ದಾಟಿ ಶಾಲೆಗೆ ಬರುವ ನಮ್ಮ ಮಕ್ಕಳಿಗೆ ಈ ವಿದ್ಯೆ ಹೊಸದೇನೂ ಅಲ್ಲ.

ಗೋಡೆಯ ಮೇಲಿನ ವೇಳಾಪತ್ರಿಕೆ

ಬೂಟು ಬಂತು, ದೀಪ ಬಂತು, ರಕ್ತವೂ ಏರಿತು. ಆದರೂ ಸೊಸೆ ವಾರದಲ್ಲಿ ಒಂದು ದಿನ ಕೂಡ ಸರಿಯಾಗಿ ಓಡಲಾಗುತ್ತಿರಲಿಲ್ಲ. ಆರು ತಿಂಗಳ ರಜೆ ಮುಗಿದು ಅವಳು ಬ್ಯಾಂಕಿಗೆ ಹೋಗತೊಡಗಿದ್ದಳು. ರಾತ್ರಿ ಕೂಸು ಎರಡು ಸಲ ಏಳುತ್ತಿತ್ತು. ನಸುಕಿನಲ್ಲಿ ಬೂಟು ಕಟ್ಟಿಕೊಂಡರೆ, “ಇವತ್ತು ಯಾರು ಹಿಡಕೊಳ್ತೀರಿ?” ಎಂಬ ಪ್ರಶ್ನೆಗೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಷ್ಟರಲ್ಲಿ ಅರ್ಧ ತಾಸು ಕಳೆದು, ಅವಳು ಬೂಟು ಬಿಚ್ಚಿ ಒಲೆಯ ಕಡೆ ಹೋಗುತ್ತಿದ್ದಳು. ಅವಳು ಎಂದೂ ದೂರಲಿಲ್ಲ. ದೂರದವರ ಕಷ್ಟ ಮನೆಯವರಿಗೆ ಬೇಗ ಕಾಣಿಸುವುದಿಲ್ಲವೆಂಬುದನ್ನು ಮುಖ್ಯಾಧ್ಯಾಪಕನಾದ ನಾನು ಬಹಳ ತಡವಾಗಿ ಕಲಿತೆ.

ಒಂದು ರವಿವಾರ ಶಾಲೆಯ ವೇಳಾಪತ್ರಿಕೆ ಬರೆಯುವ ದೊಡ್ಡ ಕಾಗದವನ್ನು ತಂದು ಗೆರೆ ಹಾಕಿದೆ. ಒಂದು ಅಂಕಣದಲ್ಲಿ ‘ಓಡುವವರು’, ಇನ್ನೊಂದರಲ್ಲಿ ‘ಕೂಸು ಹಿಡಿಯುವವರು’, ಮೂರನೆಯದರಲ್ಲಿ ‘ಚಹ, ನೀರು’. ಸೋಮವಾರ, ಗುರುವಾರ, ಶನಿವಾರ ಸೊಸೆಯ ಓಟ. ಸೋಮವಾರ ಕೂಸು ನನಗೆ, ಉಳಿದೆರಡು ದಿನ ಮಗನಿಗೆ. ಮಂಗಳವಾರ, ಶುಕ್ರವಾರ ಮಗನ ಓಟ. ಹೊಸ ತಂದೆಗೂ ನಿದ್ದೆಗೇಡು, ಹೊಟ್ಟೆ ಬೆಳೆಯುವುದು, ಸಿಡುಕು ಇವೆಲ್ಲ ಇದ್ದೇ ಇವೆ. ಬುಧವಾರ ನನ್ನ ಹೆಂಡತಿಯ ನಡಿಗೆ. ಇದನ್ನು ಸೊಸೆಯೇ ಸೇರಿಸಿದಳು. “ಅತ್ತಿ, ನಿಮ್ಮ ಸೊಂಟ ಲೆಕ್ಕ ಕೇಳೂ ಮೊದಲ ನಡೀರಿ” ಎಂದಾಗ ಮನೆಯೆಲ್ಲ ನಕ್ಕಿತು. ರವಿವಾರ ಬಿಡುವು. ರಾತ್ರಿ ಕೂಸು ಮೂರು ಸಲ ಎದ್ದಿದ್ದರೆ ಮರುದಿನ ಓಟ ರದ್ದು. ಆ ಹೊತ್ತು ನಿದ್ದೆಗೆ. ಜ್ವರ ಬಂದ ದಿನವೂ ಹಾಗೆಯೇ.

ಮೊದಲ ಎರಡು ವಾರ ಎಡವಟ್ಟುಗಳಾದವು. ನನ್ನ ಪಾಳಿಯ ಒಂದು ಸೋಮವಾರ ಮೊಮ್ಮಗಳು ಅತ್ತೂ ಅತ್ತೂ ಓಣಿ ಎಬ್ಬಿಸಿದಳು. ಮೂವತ್ತು ವರ್ಷ ನೂರಾರು ಮಕ್ಕಳನ್ನು ಸುಮ್ಮನಾಗಿಸಿದ ನನಗೆ ಈ ಒಂದು ಕೂಸು ಬಗ್ಗಲಿಲ್ಲ. ಆದರೂ ಸೊಸೆಯನ್ನು ಕೂಗಬಾರದೆಂದು ನಿಶ್ಚಯಿಸಿ, ಕೊಟ್ಟಿಗೆಗೆ ಒಯ್ದು ಆಕಳ ಕರುವನ್ನು ತೋರಿಸಿದೆ. ಕೂಸು ಸುಮ್ಮನಾಯಿತು. ಅಂದಿನಿಂದ ನಮ್ಮಿಬ್ಬರಿಗೂ ಆ ಕರುವಿನ ದರ್ಶನ ನಿತ್ಯವಿಧಿಯಾಗಿದೆ. ಮಾಘದ ಹೊತ್ತಿಗೆ ಸೊಸೆ ನಿಲ್ಲದೆ ಮೂರು ಕಿಲೋಮೀಟರ್ ಓಡಿದಳು. ಹಿಮೋಗ್ಲೋಬಿನ್ ಹನ್ನೆರಡೂವರೆ ಇತ್ತು. ಸಂಜೆ ಬ್ಯಾಂಕಿನಿಂದ ಬಂದ ಮೇಲೆ ಮುಖದಲ್ಲಿ ಮೊದಲಿನ ಬಾಡುವಿಕೆ ಇಲ್ಲವೆಂದು ನನ್ನ ಹೆಂಡತಿಯೇ ಬೀಗರಿಗೆ ಹೇಳಿದಳು.

ತಿಂಗಳಿಗೊಮ್ಮೆ ಇಡೀ ಕುಟುಂಬ ಹೊರಗೆ ಹೋಗುವುದೂ ರೂಢಿಯಾಗಿದೆ. ಉದಗೀರದ ಕೋಟೆಯ ಪರಿಸರ, ದೇವರ್ಜನದ ಸಮೀಪದ ಹತ್ತಿಬೇಟ, ನಿಲಂಗೆಯ ದಾರಿಯ ಖರೋಸಾ ಗುಹೆಗಳ ಗುಡ್ಡ ಇವು ಬುತ್ತಿ ಕಟ್ಟಿಕೊಂಡು ಹೋಗಲು ಯೋಗ್ಯ ಸ್ಥಳಗಳು. ಒಬ್ಬರು ಏರಿ ಇಳಿದು ಬರುವಷ್ಟರಲ್ಲಿ ಇನ್ನೊಬ್ಬರು ಮರದ ಕೆಳಗೆ ಕೂಸನ್ನು ಆಡಿಸುತ್ತಾರೆ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಕಿಲ್ಲಾರಿ, ಸಾಸ್ತೂರುಗಳ ಕಡೆ ಹೊಸದಾಗಿ ಕಟ್ಟಿದ ಊರುಗಳ ಅಗಲವಾದ ಬೀದಿಗಳೂ ಬೆಳಗಿನ ಓಟಕ್ಕೆ ಚೆನ್ನಾಗಿವೆ. ಸೀಗೆ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದುಹೋಗುವ ನಮ್ಮ ತಾಯಂದಿರ ಕಾಲಲ್ಲಿ ಶಕ್ತಿಯೇನೂ ಕಡಿಮೆಯಿಲ್ಲ. ವರ್ಷಕ್ಕೊಮ್ಮೆ ದೇವಿಯ ಹೆಸರಿನಲ್ಲಿ ಅವರಿಗೆ ಬಿಟ್ಟುಕೊಡುವ ಹೊತ್ತನ್ನು ವಾರಕ್ಕೆ ಮೂರು ದಿನ ಅರ್ಧರ್ಧ ತಾಸು ಬಿಟ್ಟುಕೊಟ್ಟರೆ ಮನೆಗೆ ನಷ್ಟವೇನು?

ಕೊನೆಗೊಂದು ಮಾತು. ಇಪ್ಪತ್ತು ವರ್ಷಗಳ ಹಿಂದೆ ನಾನು ದಾಖಲೆ ಬರೆದುಕೊಟ್ಟ ಆ ಹುಡುಗಿಯ ಮಗಳು ಈಗ ನಮ್ಮ ಶಾಲೆಗೇ ಬರುತ್ತಾಳೆ. ಕಳೆದ ತಿಂಗಳು ತಾಯಿ ಮಗಳನ್ನು ಬಿಡಲು ಬಂದವಳು ಹೋಗದೆ ಬಾಗಿಲಲ್ಲೇ ನಿಂತಳು. ಏನವ್ವ ಎಂದು ಕೇಳಿದೆ. ಸೆರಗು ಸರಿಮಾಡಿಕೊಂಡು, “ಗುರುಗಳೇ, ನಿಮ್ಮ ಸೊಸಿ ಹಾಕ್ಕೊಳ್ತಾಳಲ್ರಿ ಹಲ್ಲಿನ ಬೂಟು, ಅದು ನನ್ನ ಅಳತೀದೂ ಸಿಗ್ತದೇನ್ರಿ?” ಎಂದಳು. ಸಿಗುತ್ತದೆ ಎಂದೆ. ಕೊಳ್ಳುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿಕೊ, ಬೂಟು ತರಲು ಸಂಜೆ ಹೊತ್ತು ಹೋಗು, ನಿನ್ನ ಯಜಮಾನರನ್ನು ಒಮ್ಮೆ ನನ್ನಲ್ಲಿಗೆ ಕಳಿಸು ಎಂದೂ ಹೇಳಿದೆ. ಈ ಸಲ ಬಾಯಿ ತೆರೆದೆನೆಂಬ ಸಮಾಧಾನ ನನಗಿದೆ.

ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದರೆ ಈ ಸಂಚಿಕೆ ಓದಿ ಮುಗಿಸಿದ ಮೇಲೆ ಒಂದು ಹಾಳೆಗೆ ಮೂರು ಅಂಕಣ ಹಾಕಿರಿ. ಎರಡನೆಯ ಅಂಕಣದಲ್ಲಿ ಮೊದಲು ನಿಮ್ಮ ಹೆಸರನ್ನೇ ಬರೆಯಿರಿ. ತಾಯಿ ಕೂಸು ಇಬ್ಬರಿಗೂ ಆರೋಗ್ಯವಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.